ಕರಾಳನಖನ ಬಲಗೈ

ಋಷಿಯ ಪಾತ್ರಕ್ಕೆ ಒಂದು ಜಪಮಾಲೆ ಸಾಕು. ರಾಕ್ಷಸನಿಗೆ ಎರಡು ಪೂರ್ತಿ ಕೈಗಳು ಬೇಕು. ಹೈದರಾಬಾದಿನ ಕನ್ನಡ ಸಂಘವೊಂದರ ಕಾರ್ಯದರ್ಶಿ ಚಂದ್ರಹಾಸರು ಇದನ್ನು ಇಷ್ಟು ಬಿಚ್ಚಿ ಹೇಳಲಿಲ್ಲ. ಉಡುಪಿಯ ಕಡೆಯವರು, ಬಿರುಸಾದ ಮಾತನ್ನು ಹತ್ತಿಯಲ್ಲಿ ಸುತ್ತಿ ಕೊಡುವ ಅಭ್ಯಾಸದವರು. ಈ ಸಲದ ರಾಜ್ಯೋತ್ಸವಕ್ಕೆ ಆಡಲಿರುವ ‘ಕರಾಳನಖ ವಧೆ’ ದೊಡ್ಡಾಟದಲ್ಲಿ ಗುರುಸಿದ್ದಪ್ಪನವರು ಋಷಿಯ ಪಾತ್ರ ವಹಿಸಿದರೆ ಅವರ ಹಿರಿತನಕ್ಕೆ ಗೌರವ ಸಂದಂತಾಗುತ್ತದೆ ಎಂದಷ್ಟೇ ಹೇಳಿದರು. ರಾಕ್ಷಸನ ಪಾತ್ರಕ್ಕೆ ಬೆಳಗಾವಿಯ ಅಮೋಲ್ ಇದ್ದಾನೆ, ಜಿಮ್ಮಿಗೆ ಹೋಗಿ ತೋಳು ಬೆಳೆಸಿದ್ದಾನೆ ಎಂಬ ಮಾತೂ ಹಿಂದೆಯೇ ಬಂತು. ಗುರುಸಿದ್ದಪ್ಪ ಬಲಗೈಗೆ ಸುತ್ತಿಕೊಂಡಿದ್ದ ಟವೆಲನ್ನು ಇನ್ನೊಂದು ಸುತ್ತು ಬಿಗಿದು, ಬಸ್ಸು ಹತ್ತಿ ಶಂಶಾಬಾದಿನ ಮನೆಗೆ ಬಂದರು.

ಆ ಆಟ ಅವರ ಊರಿನದೇ. ಕೊಪ್ಪಳದ ಕಡೆಯ ಆ ಊರಿನಲ್ಲಿ ಅದನ್ನು ಯಾರೂ ಬರೆದಿಟ್ಟಿರಲಿಲ್ಲ. ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಇಳಿದು ಬಂದದ್ದು. ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ಹೈದರಾಬಾದಿಗೆ ಹೊರಟಾಗ ಗುರುಸಿದ್ದಪ್ಪ ಟ್ರಂಕಿನಲ್ಲಿ ಬಟ್ಟೆಯನ್ನೂ ನಾಲಿಗೆಯ ಮೇಲೆ ಇಡೀ ಆಟವನ್ನೂ ಹೊತ್ತು ತಂದಿದ್ದರು. ಕಾರ್ಖಾನೆಯ ಕಾಲೊನಿಯ ಮೈದಾನದಲ್ಲಿ ಎಷ್ಟೋ ವರ್ಷ ಕರಾಳನಖಾಸುರನೆಂದರೆ ಅವರೇ. ಆ ರಾಕ್ಷಸನ ಪ್ರವೇಶಕ್ಕೆ ಒಂದು ಕ್ರಮವಿದೆ. ಇಬ್ಬರು ಅಡ್ಡಲಾಗಿ ತೆರೆ ಹಿಡಿದು ನಿಲ್ಲುತ್ತಾರೆ. ಮದ್ದಳೆ ಏರುತ್ತದೆ. ರಾಕ್ಷಸ ಕಾಣುವ ಮೊದಲು ಅವನ ಉಗುರು ಕಾಣಬೇಕು. ಹತ್ತು ಉಗುರುಗಳು ತೆರೆಯ ಮೇಲಂಚನ್ನು ಕಚ್ಚಿ ಹಿಡಿದು ಬಟ್ಟೆಯನ್ನು ಕೆಳಕ್ಕೆ ಎಳೆಯುತ್ತವೆ, ಆಮೇಲೆ ಮುಖ. ಮುಖ ಕಂಡ ಕ್ಷಣದಲ್ಲಿ ಬಲಗೈ ಮೀಸೆಗೆ ಹೋಗಿ ಅದನ್ನು ಹುರಿಗೊಳಿಸಬೇಕು. ಇಷ್ಟಾದ ಮೇಲೆ ರಾಕ್ಷಸ ಏನು ಮಾತಾಡಿದರೂ ಜನ ನಂಬುತ್ತಾರೆ. ಇಷ್ಟಾಗದಿದ್ದರೆ ಅವನು ಬಣ್ಣ ಬಳಿದುಕೊಂಡ ನಿವೃತ್ತ ನೌಕರ.

ಗುರುಸಿದ್ದಪ್ಪನವರ ಬಲಗೈಯ ತೋರುಬೆರಳೂ ನಡುಬೆರಳೂ ನಡುಗಂಟಿನವರೆಗೆ ಮಾತ್ರ ಇವೆ. ಉಳಿದರ್ಧ ನಿವೃತ್ತಿಯ ವರ್ಷವೇ ಹೋಯಿತು. ನೋವು ಬೇಗ ವಾಸಿಯಾಯಿತು. ವಾಸಿಯಾಗದೆ ಉಳಿದದ್ದು ಪ್ರಶ್ನೆ. ಆಟೋದವನು ಚಿಲ್ಲರೆ ಕೊಡುತ್ತ ಉರ್ದುವಿನಲ್ಲಿ ಕೇಳುತ್ತಿದ್ದ. ಔಷಧಿಯಂಗಡಿಯವನು ತೆಲುಗಿನಲ್ಲಿ ಕೇಳುತ್ತಿದ್ದ. ಮದುವೆಮನೆಗಳಲ್ಲಿ ಬೀಗರು ಕನ್ನಡದಲ್ಲಿ ಕೇಳುತ್ತಿದ್ದರು: ಕೈಗೆ ಏನಾಯಿತು? ಅವರು ಯಾವ ಭಾಷೆಯಲ್ಲೂ ಉತ್ತರ ಕೊಡಲಿಲ್ಲ. ಟವೆಲು ಸುತ್ತಿಕೊಳ್ಳಲು ಕಲಿತರು, ವೇದಿಕೆ ಹತ್ತುವುದನ್ನು ಬಿಟ್ಟರು. ಈಗ ಸಂಘದವರು, ಕಾಲೊನಿಯಲ್ಲಿ ಅವರಿಂದಲೇ ಕೇಳಿ ಕಲಿತ ಆ ಆಟವನ್ನು ತಾವಾಗಿಯೇ ಎತ್ತಿಕೊಂಡದ್ದೇ ಅವರನ್ನು ಮತ್ತೆ ಅಲುಗಿಸಿತ್ತು. ತಮ್ಮ ನಾಲಿಗೆಯ ಮೇಲಿದ್ದ ರಾಕ್ಷಸ ಇನ್ನೊಬ್ಬನ ತೋಳಿನಲ್ಲಿ ಕುಣಿಯುವುದನ್ನು ಜಪಮಾಲೆ ಹಿಡಿದು ನೋಡುತ್ತ ಕೂರಲು ಅವರು ಸಿದ್ಧರಿರಲಿಲ್ಲ.

ಮನೆಗೆ ಬಂದವರು ನೇರವಾಗಿ ಊಟದ ಮೇಜಿನ ಬಳಿ ನಿಂತರು. ಮೇಜಿನ ಒಂದು ತುದಿ ಸೊಸೆ ಲಹರಿಗೆ ಸೇರಿದ್ದು. ಮೈಸೂರಿನ ಹುಡುಗಿ, ಮಗ ಪವನ ವಿಮಾನ ನಿಲ್ದಾಣದ ಕೆಲಸಕ್ಕೆ ಹೋದ ಮೇಲೆ ಅವಳು ಮನೆಯಲ್ಲೇ ಕುಳಿತು ಕಂಪನಿಯ ಕೆಲಸ ಮಾಡುತ್ತಿದ್ದಳು. ಅದು ಮುಗಿದ ಮೇಲೆ ಕಂಪ್ಯೂಟರು ಮುಚ್ಚಿ ಮಾಡುತ್ತಿದ್ದದ್ದು ಭೂತಪ್ರೇತಗಳ ಉಗುರು ಮತ್ತು ಹಲ್ಲು. ವಿಚಿತ್ರ ವೇಷ ಹಾಕಿಕೊಂಡು ಮೇಳಗಳಿಗೆ ಹೋಗುವ ಹುಡುಗರು, ಕಿರುಚಿತ್ರ ತೆಗೆಯುವವರು ಅವಳಿಂದ ಮಾಡಿಸಿಕೊಳ್ಳುತ್ತಿದ್ದರು. ಪಾಲಿಮರ್ ಕ್ಲೇ ಎಂಬ ಅವಳ ಮಣ್ಣು ನೋಡಲು ಚಪಾತಿಯ ಹಿಟ್ಟಿನಂತೆ, ಗಾಳಿಗೆ ಒಣಗದು. ಒವೆನ್ನಿನ ಹದವಾದ ಶಾಖದಲ್ಲಿ ಬೇಯಿಸಿದರೆ ಮಾತ್ರ ಕೊಂಬಿನಂತೆ ಗಟ್ಟಿಯಾಗುತ್ತದೆ. ಒಳಗೆ ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆ ಉಂಡೆಗಟ್ಟಿ, ಮೇಲೆ ದಂತದ ಬಣ್ಣದ ಮಣ್ಣು ಹೊದಿಸಿ, ತುದಿಗೆ ಬೆಳಕು ಹಾಯುವಂಥ ಅರೆಪಾರದರ್ಶಕ ಮಣ್ಣಿನ ತೆಳುವಾದ ಪೊರೆ ಕೊಟ್ಟು, ಸೂಜಿಯಿಂದ ಉದ್ದುದ್ದ ಗೆರೆ ಎಳೆದು ಅವಳು ತಿದ್ದಿದ ಉಗುರನ್ನು ಕಂಡು ಮನೆಗೆಲಸದ ಅನ್ನಮ್ಮ ಒಮ್ಮೆ ಪೊರಕೆ ಬಿಟ್ಟು ಹಿಂದೆ ಸರಿದಿದ್ದಳು.

ಗುರುಸಿದ್ದಪ್ಪ ಒಂದು ಉಗುರನ್ನು ಎಡಗೈಯಲ್ಲಿ ಎತ್ತಿಕೊಂಡು ಬೆಳಕಿಗೆ ಹಿಡಿದರು.

“ಲಹರವ್ವಾ, ಇವು ಮನಷ್ಯಾರು ಹಾಕ್ಕೊಳ್ಳಾಕ ಬರ್ತಾವೇನು?”

“ಬರುತ್ತೆ ಮಾವ. ಯಾರಿಗೆ ಬೇಕಿತ್ತು?”

“ನನಗ.”

ಲಹರಿ ಕೈ ಒರೆಸಿಕೊಂಡಳು. ಅವರು ನಿಂತುಕೊಂಡೇ ತಮ್ಮ ಷರತ್ತು ಹೇಳಿದರು. ತಾಲೀಮಿನ ದಿನ ತೆರೆಯ ಮೇಲೆ ಹತ್ತು ಉಗುರೂ ಕಾಣಬೇಕು, ಯಾರು ಎಣಿಸಿದರೂ ಹತ್ತಿರಬೇಕು; ಮೀಸೆ ಬಲಗೈಯಿಂದಲೇ ತಿರುವಬೇಕು. ಇಷ್ಟಾದರೆ ಪಾತ್ರ ತಮ್ಮದು, ಆಗದಿದ್ದರೆ ಅಮೋಲನದು. ಬಸ್ಸು ಇಳಿದ ಮೇಲೆ ಚಂದ್ರಹಾಸರಿಗೆ ಫೋನು ಮಾಡಿ ಇಷ್ಟಕ್ಕೆ ಒಪ್ಪಿಸಿದ್ದರು. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಲಹರಿ ಮಾವನ ಕೈಯ ಬಗ್ಗೆ ಏನನ್ನೂ ಕೇಳಿರಲಿಲ್ಲ. ಆಗಲೂ ಕೇಳಲಿಲ್ಲ. ಟವೆಲಿನ ಮೇಲಿನಿಂದಲೇ ಟೇಪು ಹಿಡಿದು ಅಳತೆ ತೆಗೆದುಕೊಂಡಳು. ಅವಳ ತಪ್ಪು ಅಲ್ಲೇ ಆರಂಭವಾಯಿತು.

ಮೊದಲು ಸೋತದ್ದು ಹಲ್ಲು. ಕೋಠಿ ಪೇಟೆಯ ಅಂಗಡಿಯಿಂದ ತಂದ ಹೊಸ ಮಣ್ಣಿನಲ್ಲಿ ಅವಳು ಅಪರೂಪದ ಹಲ್ಲು ಮಾಡಿದಳು. ಬುಡದಲ್ಲಿ ಚಹಾದ ಕಲೆಯಂಥ ಕಂದು, ನಡುವೆ ಹಳದಿ, ತುದಿಯಲ್ಲಿ ಗಾಜಿನ ಛಾಯೆ, ಒಸಡಿನ ಮೇಲೆ ಮಾತ್ರ ಹೊಳಪಿನ ವಾರ್ನಿಷ್. ಆ ಮಣ್ಣು ಬಾಯಿಗೆ ತಾಗಬಾರದೆಂದು ದಂತವೈದ್ಯರು ಅಳತೆಗೆ ಬಳಸುವಂಥ ತಟ್ಟೆಯೊಂದನ್ನು ಹೊಂದಿಸಿ ಹಲ್ಲನ್ನು ಅದರ ಹೊರಬದಿಗೆ ಕೂರಿಸಿದಳು. ಅವಳ ಗಿರಾಕಿಗಳೆಲ್ಲ ಬಾಯಿ ತೆರೆದು ಫೋಟೋಕ್ಕೆ ನಿಲ್ಲುವವರು. ದೊಡ್ಡಾಟದ ರಾಕ್ಷಸ ಹಾಗಲ್ಲ. ಅವನು ಬಾಯಿ ತೆರೆದರೆ ಭೋರ್ಗರೆಯಬೇಕು, ಪ್ರತಿ ಮಾತಿನ ತಲೆಗೂ ಒಂದು ಗುದ್ದು ಹಾಕಬೇಕು. ಗುರುಸಿದ್ದಪ್ಪ ಎದೆಯುಬ್ಬಿಸಿ “ಭಳಿರೇ” ಎಂದದ್ದೇ ತಡ, ಮೇಲಿನ ಸಾಲು ಹಾರಿ, ಹೆಂಡತಿ ಬಂಡೆಮ್ಮ ರೊಟ್ಟಿಗೆ ನಾದುತ್ತಿದ್ದ ಜೋಳದ ಹಿಟ್ಟಿನಲ್ಲಿ ಹೋಗಿ ನೆಟ್ಟಿತು.

ಗಂಡನ ಹಲ್ಲನ್ನು ಹಿಟ್ಟಿನಿಂದ ಕಿತ್ತು ಬಂಡೆಮ್ಮ ನೀರಿನಲ್ಲಿ ಅದ್ದಿದರು. “ನಿಮಗ ಇದ್ದ ಹಲ್ಲಿನಾಗ ರೊಟ್ಟಿ ಕಡಿಯಾಕ ಆಗವಲ್ದು,” ಎಂದರು. “ಇನ್ನ ರೊಟ್ಟೀನ ಹಲ್ಲು ಇಟ್ಕೊಂಡು ನಿಮ್ಮನ್ನ ಕಡದೀತು, ದೂರ ನಿಲ್ರಿ.”

ಲಹರಿ ನಕ್ಕಳು, ಆದರೆ ಕೈ ನಿಲ್ಲಿಸಲಿಲ್ಲ. ಬಾಯಿಯ ಒಳಗೆ ಜಾಗವಿಲ್ಲದಿದ್ದರೆ ಹೊರಗೆ ಮಾಡಬೇಕು. ಸುಲ್ತಾನ್ ಬಜಾರಿನಲ್ಲಿ ಕಪ್ಪು ತುಪ್ಪಳದ ಬಟ್ಟೆಯನ್ನೂ ಎಲಾಸ್ಟಿಕ್ಕನ್ನೂ ಹುಡುಕಿ ತಂದು, ಕಿವಿಗೆ ಕಟ್ಟುವ ಗಡ್ಡ ಹೊಲಿದು, ಕೋರೆಹಲ್ಲುಗಳು ಕೆಳದವಡೆಯಿಂದ ಮೇಲಕ್ಕೆ ಎದ್ದು ಬಂದಂತೆ ಅದಕ್ಕೇ ಕೂರಿಸಿದಳು. ತುಟಿ ಪೂರ್ತಿ ಬಿಡುವಾಯಿತು. ಗುರುಸಿದ್ದಪ್ಪ ಭಳಿರೇ ಎಂದರು, ಭಲಾ ಎಂದರು, ಭೋ ಎಂದರು. ಹಲ್ಲು ಕದಲಲಿಲ್ಲ, ಮೇಲಿನ ಮನೆಯವರು ಮಾತ್ರ ಕೆಳಗಿಳಿದು ಬಂದು ಎಲ್ಲ ಕ್ಷೇಮವೇ ಎಂದು ತೆಲುಗಿನಲ್ಲಿ ವಿಚಾರಿಸಿ ಹೋದರು.

ಕೈ ಅಷ್ಟು ಸುಲಭವಾಗಲಿಲ್ಲ. ಲಹರಿ ಬಲಗೈಗೊಂದು ಕೈಗವಸು ಹೊಲಿದು, ಇಲ್ಲದ ಎರಡು ಬೆರಳುಗಳ ಜಾಗದಲ್ಲಿ ತಂತಿ ಮತ್ತು ಹತ್ತಿ ತುಂಬಿ, ತುದಿಗೆ ಉಳಿದವುಗಳಂತೆಯೇ ನೀಳವಾದ ಉಗುರು ಕಟ್ಟಿದ್ದಳು. ಮಾವ ಅದನ್ನು ತೊಟ್ಟು ಕೈಯನ್ನು ಮೇಜಿನ ಮೇಲಿಟ್ಟಾಗ ಯಾವುದು ನಿಜದ ಬೆರಳು, ಯಾವುದು ಹತ್ತಿಯದು ಎಂದು ಪವನನಿಗೂ ಗುರುತು ಸಿಗಲಿಲ್ಲ. ತಾಲೀಮಿನ ದಿನ ಸಂಘದ ಸಭಾಂಗಣದಲ್ಲಿ ತೆರೆ ಹಿಡಿದರು. ಮದ್ದಳೆ ಏರಿತು. ಹತ್ತು ಉಗುರು ತೆರೆಯ ಮೇಲೆ ಮೂಡಿದವು. ಹಿಂದೆ ಕುಳಿತಿದ್ದ ಯಾರೋ ಉಸಿರೆಳೆದುಕೊಂಡದ್ದು ಲಹರಿಗೆ ಕೇಳಿಸಿತು. ಗುರುಸಿದ್ದಪ್ಪ ಬಟ್ಟೆಯನ್ನು ಕೆಳಗೆ ಎಳೆದರು. ಎಂಟು ಬೆರಳು ಎಳೆದವು. ಎರಡು ಬೆರಳು ಹಿಂದಕ್ಕೆ ಮಡಚಿಕೊಂಡು, ಬಾಡಿದ ಹೂವಿನಂತೆ ಮುಂಗೈ ಮೇಲೆ ಜೋತುಬಿದ್ದವು. ಮೀಸೆಗೆ ಹೋದ ಕೈ ಮೀಸೆ ಹಿಡಿಯಲಾರದೆ ಕೆನ್ನೆ ಸವರಿ ಕೆಳಗಿಳಿಯಿತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಅವರು ತಡೆದುಕೊಳ್ಳುತ್ತಿದ್ದರೋ ಏನೋ. ಚಂದ್ರಹಾಸರು ಹತ್ತಿರ ಬಂದು, ಋಷಿಯ ಪಾತ್ರ ಹಾಗೆಯೇ ಇದೆ, ಗಡಿಬಿಡಿಯಿಲ್ಲ ಎಂದರು. ಗುರುಸಿದ್ದಪ್ಪ ಗೋಡೆಗೆ ಮುಖಮಾಡಿ ಕೈಗವಸನ್ನು ಕಳಚಿ ಕುರ್ಚಿಯ ಮೇಲಿಟ್ಟು, ಕೈಗೆ ಟವೆಲು ಸುತ್ತಿಕೊಂಡು ಹೊರಗೆ ಹೋದರು. ಮಾವ ಸೊಸೆ ಬಸ್ಸು ಹಿಡಿದು ಮನೆಗೆ ಬಂದರು. ಮನೆಯ ಗೇಟಿನ ಬಳಿ ಲಹರಿಯೇ ಹೇಳಿದಳು, ಮುಂದಿನ ತಾಲೀಮಿನವರೆಗೆ ಸಮಯ ಕೊಡಿ ಎಂದು ಚಂದ್ರಹಾಸರನ್ನು ಕೇಳಿ ಬಂದಿದ್ದೇನೆ, ಅವರು ಒಪ್ಪಿದ್ದಾರೆ ಎಂದು.

“ಯಾಕ ಕೇಳಿದಿ?” ಎಂದರು ಗುರುಸಿದ್ದಪ್ಪ.

“ತಪ್ಪು ಮಾಡಿದ್ದು ನಾನು ಮಾವ. ನೀವಲ್ಲ.”

ಆದರೆ ತಪ್ಪು ಎಲ್ಲಿದೆಯೆಂದು ಅವಳಿಗಿನ್ನೂ ಗೊತ್ತಿರಲಿಲ್ಲ. ತಂತಿ ದಪ್ಪ ಮಾಡಿದಳು. ಬೆರಳು ಕೋಲಿನಂತೆ ಸೆಟೆದುಕೊಂಡಿತು. ಸ್ಪ್ರಿಂಗ್ ಹಾಕಿದಳು, ಉಗುರು ತನ್ನಷ್ಟಕ್ಕೆ ತಾನೇ ಕುಣಿಯಿತು. ಒಂದು ಸಂಜೆ ಬಂಡೆಮ್ಮ ಪಕ್ಕದಲ್ಲಿ ಈಳಿಗೆಮಣೆ ಹಾಕಿಕೊಂಡು ಬದನೆಕಾಯಿ ಹೆಚ್ಚುತ್ತಿದ್ದರು. ಸಾಲಾಗಿ ಜೋಡಿಸಿಟ್ಟಿದ್ದ ಉಗುರುಗಳನ್ನು ಸ್ವಲ್ಪ ಹೊತ್ತು ನೋಡಿ ಕೇಳಿದರು:

“ಯವ್ವಾ, ನಿನ್ನ ರಾಕ್ಷಸ ಹುಟ್ಟಿದಾಗಿಂದ ಒಂದಿನಾನೂ ಕೆಲಸ ಮಾಡಿಲ್ಲೇನು? ನಿನ್ನೆ ನಿಶ್ಚಯ ಆದ ಮದುಮಗಳ ಉಗುರು ಇದ್ದಂಗ ಅದಾವ.”

ಲಹರಿ ಉತ್ತರ ಕೊಡುವ ಮೊದಲು ಅತ್ತೆಯ ಕೈಕೆಳಗಿನ ಈಳಿಗೆಯನ್ನು ನೋಡಿದಳು. ಬಂಡೆಮ್ಮ ತವರಿನಿಂದ ತಂದದ್ದು. ಅಲಗಿನ ತುದಿ, ಬುಡ ಅಗಲವಾಗಿಯೇ ಇದ್ದವು. ತರಕಾರಿ ತಾಗುವ ನಡುಭಾಗ ಮಾತ್ರ ಸವೆದು ಒಳಕ್ಕೆ ಬಾಗಿತ್ತು. ಅತಿ ಹೆಚ್ಚು ಸವೆದಿದ್ದ ಆ ಜಾಗವೇ ಅತಿ ಹರಿತವಾಗಿತ್ತು. ತಾನು ಇಷ್ಟು ದಿನ ಮಾಡಿದ ಉಗುರುಗಳಲ್ಲಿ ಬಣ್ಣವಿತ್ತು, ಗೆರೆಯಿತ್ತು, ಪೊರೆಯಿತ್ತು. ನೆಲ ಕೆದರಿದ ಗುರುತು, ಮರ ಹತ್ತಿದ ಗುರುತು, ಯಾವುದನ್ನಾದರೂ ಗಟ್ಟಿಯಾಗಿ ಹಿಡಿದ ಗುರುತು ಒಂದರಲ್ಲೂ ಇರಲಿಲ್ಲ. ಅವುಗಳಲ್ಲಿ ಯಾವುದೂ ಒಂದು ಕೈಯಿಂದ ಬೆಳೆದದ್ದಾಗಿರಲಿಲ್ಲ. ಟವೆಲಿನ ಮೇಲೆ ಹಿಡಿದ ಟೇಪಿನಿಂದ ಬೆಳೆದದ್ದು.

ಭಾನುವಾರ ಮಧ್ಯಾಹ್ನ ಅವಳು ಒಂದು ದೊಡ್ಡ ಹಿಡಿ ಮಣ್ಣನ್ನು ಮೆತ್ತಗಾಗುವವರೆಗೆ ನಾದಿ, ಹಲಗೆಯ ಮೇಲೆ ದಪ್ಪಗೆ ಲಟ್ಟಿಸಿ, ಮಾವನ ಮುಂದೆ ಇಟ್ಟಳು.

“ಕೈ ಅಚ್ಚು ಬೇಕು ಮಾವ. ಟವೆಲ್ ತೆಗೀಬೇಕು.”

“ಅಳತಿ ತಗೊಂಡೀಯಲ್ಲ.”

“ಹಾಗೆ ತಗೊಂಡಿದ್ದಕ್ಕೇ ಅವತ್ತು ಹಾಗಾಯ್ತು.”

ಗುರುಸಿದ್ದಪ್ಪ ಕಿಟಕಿಯ ಕಡೆ ನೋಡಿದರು. ಒಳಗೆ ಪಾತ್ರೆ ಜೋಡಿಸುತ್ತಿದ್ದ ಬಂಡೆಮ್ಮನ ಸದ್ದು ನಿಂತಿತ್ತು. ಅವರು ಹಲ್ಲಿನಿಂದ ಟವೆಲಿನ ಗಂಟು ಕಚ್ಚಿ ಎಳೆದರು. ಲಹರಿ ಆ ಕೈಯನ್ನು ಬೆಳಕಿನಲ್ಲಿ ನೋಡಿದ್ದು ಅದೇ ಮೊದಲು. ಭಯಪಡುವಂಥದ್ದೇನೂ ಇರಲಿಲ್ಲ. ಎರಡು ಬೆರಳು ಗಿಡ್ಡವಾಗಿದ್ದವು, ಅವುಗಳ ತುದಿ ಹೊಳೆಯುವಷ್ಟು ನುಣುಪಾಗಿ, ಗಟ್ಟಿಯಾಗಿ ಬೆಳೆದಿತ್ತು. ಅಂಗಿಯ ಗುಂಡಿ ಹಾಕುವುದು, ಲೋಟ ಹಿಡಿಯುವುದು, ಬೆಳ್ಳುಳ್ಳಿ ಸುಲಿಯುವುದು ಎಲ್ಲವನ್ನೂ ಅವರು ಹೆಬ್ಬೆರಳಿಗೂ ಆ ಮೊಂಡುಗಳಿಗೂ ನಡುವೆ ಒತ್ತಿಹಿಡಿದೇ ಮಾಡುತ್ತಿದ್ದರು, ಟವೆಲಿನ ಮರೆಯಲ್ಲಿ.

ಅವರು ಕೈಯನ್ನು ಮಣ್ಣಿಗೆ ಒತ್ತಿದರು. ಒತ್ತಿಟ್ಟುಕೊಂಡೇ, ಕಿಟಕಿಯತ್ತ ಮುಖಮಾಡಿ ಹೇಳತೊಡಗಿದರು.

“ಪವನನ ಬೈಕಿನ ಚೈನು, ಯವ್ವಾ. ಸ್ಟ್ಯಾಂಡ್ ಹಾಕಿ ಹಳೇ ಅರಿವೀಲೆ ಒರಸಾಕತ್ತಿದ್ದೆ. ಗಾಲಿ ತಾನ ತಿರುಗ್ತಿದ್ರ ಲಗೂನ ಮುಗೀತೈತಂತ ಇಂಜಿನ್ ಚಾಲೂ ಇಟ್ಟಿದ್ದೆ. ಅರಿವಿ ಸಿಕ್ಕಿತು. ಅರಿವಿ ಹಿಂದ ಕೈ ಹೋತು.” ಕೈಯನ್ನು ಮಣ್ಣಿಗೆ ಇನ್ನಷ್ಟು ಒತ್ತಿದರು. “ಕಾರ್ಖಾನ್ಯಾಗ ಹೊಸಾ ಹುಡುಗರಿಗೆ ನಾನ ಪಾಠ ಹೇಳ್ತಿದ್ದೆ. ತಿರುಗೂ ಗಾಲಿ ಹತ್ರ ಅರಿವಿ ಒಯ್ಯಬ್ಯಾಡ್ರಿ, ಮೊದಲ ಮಷೀನ್ ಬಂದ್ ಮಾಡ್ರಿ ಅಂತ. ಒಬ್ಬರ ಕೈಗೂ ಗಾಯ ಆಗಗೊಡಲಿಲ್ಲ. ಈಗ ಮಂದಿ ಏನಾತಂತ ಕೇಳಿದ್ರ ಏನಂತ ಹೇಳ್ಲಿ? ಮಷೀನಿನಾಗ ಹೋಗಿದ್ರ ಹೇಳ್ತಿದ್ದೆ.”

ಲಹರಿ ಕೈ ಎತ್ತಲು ಹೇಳಿ ಅಚ್ಚನ್ನು ನೋಡಿದಳು. ಉಳಿದ ಬೆರಳುಗಳು ಮಣ್ಣಿನ ಮೇಲೆ ಗುರುತು ಮಾಡಿದ್ದವು. ಆ ಎರಡು ಮೊಂಡುಗಳು ಹಲಗೆಯ ಮರ ತಾಗುವಷ್ಟು ಆಳಕ್ಕೆ ಇಳಿದಿದ್ದವು.

“ಇಲ್ಲಿದೆ ನೋಡಿ ಮಾವ,” ಎಂದಳು. “ನಿಮ್ಮ ಕೈಯ ಬಲ ಎಲ್ಲ ಇಲ್ಲಿದೆ. ನಾನು ಇದನ್ನ ಹತ್ತಿಯಲ್ಲಿ ಮುಚ್ಚಿಟ್ಟಿದ್ದೆ.”

ಅಚ್ಚಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು ಅವಳು ಮಾವನ ಕೈಯ ಒಂದು ಪ್ರತಿಕೃತಿ ಮಾಡಿಕೊಂಡಳು. ಈ ಸಲ ಉಗುರುಗಳನ್ನು ಆ ಕೈಯ ಮೇಲೆಯೇ ಕಟ್ಟಿದಳು. ಉಂಗುರಬೆರಳಿಗೂ ಕಿರುಬೆರಳಿಗೂ ನೀಳವಾದವು. ಆದರೆ ಹೊರಬದಿ ಸವೆದು, ತುದಿ ಒಂದು ಕಡೆಗೆ ವಾಲಿದಂಥವು. ಹೆಬ್ಬೆರಳಿಗೆ ಗುದ್ದಲಿಯಂತೆ ಅಗಲವಾದದ್ದು. ಆ ಎರಡು ಮೊಂಡುಗಳ ಮೇಲೆ ಎಲ್ಲಕ್ಕಿಂತ ದಪ್ಪನೆಯ ಉಗುರು ಬೆಳೆಸಿ, ಹಸಿಯಿರುವಾಗಲೇ ನಡುವಿನಲ್ಲಿ ಮುರಿದಳು. ಚಾಕುವಿನಿಂದ ಕತ್ತರಿಸಲಿಲ್ಲ, ಕೈಯಿಂದ ಮುರಿದಳು, ಸೀಳಿದ ಎಳೆಗಳು ಹಾಗೇ ಉಳಿಯಲೆಂದು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒರಟು ಮಾಡಿದಳು. ಕಂದು ಬಣ್ಣದ ಸೀಮೆಸುಣ್ಣದ ಪುಡಿಯನ್ನು ಬಿರುಕುಗಳಿಗೆ ಉಜ್ಜಿ ಮೇಲೆಮೇಲೆ ಒರೆಸಿದಳು. ಒವೆನ್ನಿನ ಶಾಖ ಒಂದಿಷ್ಟು ಮೀರಿ ಅಂಚುಗಳು ಸುಟ್ಟು ಕರಕಲಾದಾಗ ಹೌಹಾರಿ ಹೊರಗೆ ತೆಗೆದವಳು, ನೋಡಿ, ಹಾಗೆಯೇ ಬಿಟ್ಟಳು. ಒಳಗೆ ತೆಳುವಾದ ಚರ್ಮದ ಅಸ್ತರು ಕೊಟ್ಟು, ಮಣಿಕಟ್ಟಿಗೆ ಬಿಗಿಯುವ ಪಟ್ಟಿ ಹೊಲಿದಳು. ಎಡಗೈಯ ಐದೂ ಉಗುರುಗಳನ್ನು ಹೊಸದಾಗಿ ಸವೆಸಿದಳು.

ಗುರುಸಿದ್ದಪ್ಪ ನೋಡಿ ಮುಖ ಗಂಟಿಕ್ಕಿದರು. “ಹತ್ತು ಇರಬೇಕು ಅಂದಿದ್ದೆ.”

“ಹತ್ತೇ ಇವೆ ಮಾವ. ಎರಡು ಮುರಿದಿವೆ ಅಷ್ಟೆ. ಒಂದ್ಸಲ ಹಾಕ್ಕೊಂಡು ನೋಡಿ.”

ಹಾಕಿಕೊಂಡರು. ಹೆಬ್ಬೆರಳಿನ ಉಗುರೂ ಮುರಿದ ಉಗುರುಗಳೂ ಒಂದನ್ನೊಂದು ತಾಗಿ ಟಕ್ ಎಂದವು. ಬಹಳ ವರ್ಷಗಳಿಂದ ಆ ಬೆರಳುಗಳಿಗೆ ಇಲ್ಲದಿದ್ದ ಉದ್ದ, ಪೂರ್ತಿಯಲ್ಲದಿದ್ದರೂ ಸಾಕಾಗುವಷ್ಟು, ತಿರುಗಿ ಬಂದಿತ್ತು. ಅವರು ಟಕ್ ಟಕ್ ಎನ್ನಿಸುತ್ತ ಅಡುಗೆಮನೆಗೆ ಹೋಗಿ, ಬಂಡೆಮ್ಮನ ಸೆರಗಿನ ತುದಿಯನ್ನು ಆ ಎರಡು ಉಗುರುಗಳಿಂದ ಹಿಡಿದೆತ್ತಿ ತೋರಿಸಿದರು. ಬಂಡೆಮ್ಮ ಕೈಗೆ ಒಂದೇಟು ಹಾಕಿದರು.

ಎರಡನೆಯ ತಾಲೀಮಿನಲ್ಲಿ ತೆರೆ ಹಿಡಿದ ಒಂದು ತುದಿಗೆ ಅಮೋಲನೇ ನಿಂತಿದ್ದ. ಉಗುರುಗಳು ಮೇಲಂಚಿಗೆ ಬಂದವು. ಎಳೆತಕ್ಕೆ ಅಮೋಲ್ ಒಂದು ಹೆಜ್ಜೆ ಮುಂದಕ್ಕೆ ಬಂದ. ಮುರಿದ ಉಗುರು ಕಚ್ಚಿದ ಕಡೆ ಬಟ್ಟೆ ಪರ್ರನೆ ಹರಿಯಿತು. ಮುಖ ಕಂಡಿತು, ಬಲಗೈ ಮೀಸೆಗೆ ಹೋಯಿತು, ಮೀಸೆ ಹುರಿಗೊಂಡಿತು. ಚಂದ್ರಹಾಸರು ಹರಿದ ತೆರೆಯನ್ನು ಮುಟ್ಟಿ ನೋಡಿದರು.

“ಋಷಿಗೆ ಬೇರೆ ಜನ ಹುಡುಕುವಾ ಮಾರಾಯ್ರೆ,” ಎಂದರು.

ಸಾರಥಿಯ ಪಾತ್ರದ ಶರಣಕುಮಾರ ರಾಯಚೂರಿನ ಕಡೆಯ ಬಾಯಾಳಿ. ವಿಮಾನ ನಿಲ್ದಾಣದಲ್ಲಿ ಸಾಮಾನು ಏರಿಸುವ ಕೆಲಸ. ದೊಡ್ಡಾಟದಲ್ಲಿ ಸಾರಥಿಯ ಕೆಲಸವೇ ಪ್ರಶ್ನೆ ಹಾಕುವುದು: ಬಂದವರು ಯಾರು, ಎಲ್ಲಿಯವರು, ಬಂದ ಕಾರಣವೇನು. ಪ್ರಶ್ನೆಗೆ ಕಟ್ಟುಪಾಡಿಲ್ಲ, ಸಾರಥಿ ತನಗೆ ತೋಚಿದ್ದನ್ನು ಕೇಳಬಹುದು. ತಾಲೀಮು ಮುಗಿದ ಮೇಲೆ ಅವನು ಉಗುರುಗಳನ್ನು ನೋಡುತ್ತ, ಜನ ಈ ಮುರಿದವುಗಳ ಬಗ್ಗೆ ಖಂಡಿತ ಮಾತಾಡಿಕೊಳ್ಳುತ್ತಾರೆ ಎಂದ.

“ಅವರು ಮಾತಾಡೂಕ್ಕಿಂತ ಮೊದಲ ನೀನ ಕೇಳು,” ಎಂದರು ಗುರುಸಿದ್ದಪ್ಪ. “ಎಲ್ಲಾರ ಮುಂದ ಕೇಳು. ಕೈಗೆ ಏನಾತ್ರಿ ಅಂತ.”

“ಕಾಕಾ, ಬ್ಯಾಡ್ರಿ.”

“ಕೇಳು ಅಂದೆ.”

ಅಲ್ಲೇ ಒಂದು ಉತ್ತರವನ್ನೂ ಹೊಂದಿಸಿ ಹೇಳಿ ತೋರಿಸಿದರು. ಇಂದ್ರನ ಮೇಲೆ ದಂಡೆತ್ತಿ ಹೋದಾಗ ಐರಾವತದ ನೆತ್ತಿಯಲ್ಲಿ ಉಗುರು ನಾಟಿದ್ದು, ಆನೆ ತಲೆ ಕೊಡವಿದಾಗ ಎರಡು ಮುರಿದು ಅಲ್ಲೇ ಉಳಿದದ್ದು. ಎಲ್ಲರೂ ತಲೆದೂಗಿದರು. ಲಹರಿಗೂ ಅದು ಚೆನ್ನಾಗಿದೆ ಎನ್ನಿಸಿತು. ಬಂಡೆಮ್ಮನಿಗೆ ಮನೆಯಲ್ಲಿ ಹೇಳಿದಾಗ ಅವರು ಆನೆ ಪಾಪ ಎಂದರು, ಅಷ್ಟೆ.

ರಾಜ್ಯೋತ್ಸವದ ಸಂಜೆ ಸಭಾಂಗಣ ತುಂಬಿತ್ತು. ಬೆಂಗಳೂರು, ಮೈಸೂರುಗಳಿಂದ ಕಂಪನಿ ಕೆಲಸಕ್ಕೆ ಬಂದ ಹುಡುಗ ಹುಡುಗಿಯರು, ಕಾರ್ಖಾನೆಯ ಹಳೆಯ ಸಹೋದ್ಯೋಗಿಗಳು, ಅವರ ಮನೆಯವರು. ಗುರುಸಿದ್ದಪ್ಪನವರಿಂದ ಪಾಠ ಕೇಳಿದ್ದ ಹುಡುಗರು ಈಗ ನಡುವಯಸ್ಸಿನವರಾಗಿ ಮೂರನೆಯ ಸಾಲಿನಲ್ಲಿ ಒಟ್ಟಿಗೆ ಕುಳಿತಿದ್ದರು. ತೆರೆಯ ಮೇಲೆ ಉಗುರು ಮೂಡಿದಾಗ ಮೊದಲ ಸಾಲಿನ ಒಂದು ಮಗು ತಾಯಿಯ ಮಡಿಲಿಗೆ ಮುಖ ಹುದುಗಿಸಿತು. ತೆರೆ ಇಳಿಯಿತು. ಕೋರೆಹಲ್ಲಿನ ಮೇಲಿನಿಂದ “ಭಳಿರೇ” ಗುಡುಗಿತು. ಮೀಸೆ ಹುರಿಗೊಂಡಿತು. ಶರಣಕುಮಾರ ಬಗ್ಗಿ, ಕುಣಿದು, ಹೆಸರು ಕೇಳಿ, ಊರು ಕೇಳಿ, ಕೊನೆಗೆ ತಡೆದು ತಡೆದು ಆ ಪ್ರಶ್ನೆಗೆ ಬಂದ.

“ಭಲಾ ರಾಕ್ಷಸೇಂದ್ರಾ, ತಮ್ಮ ಬಲಗೈಯೊಳಗ ಎರಡು ಉಗುರು ಮೊಂಡ ಆಗ್ಯಾವಲ್ರಿ. ಕೈಗೆ ಏನಾತ್ರಿ?”

ಗುರುಸಿದ್ದಪ್ಪ ಬಲಗೈಯನ್ನು ಮೇಲೆತ್ತಿ ಬೆಳಕಿಗೆ ಹಿಡಿದರು. ಮದ್ದಳೆಯವನು ಐರಾವತಕ್ಕೆ ಹಾಕಬೇಕಾದ ಪೆಟ್ಟಿಗಾಗಿ ಕೈ ಎತ್ತಿ ಕಾದಿದ್ದ. ಅವರ ನೋಟ ಮೂರನೆಯ ಸಾಲಿನ ಮೇಲೆ ಹೋಗಿ ನಿಂತದ್ದನ್ನು ಲಹರಿ ಪಕ್ಕದ ಪರದೆಯ ಸಂದಿನಿಂದ ಕಂಡಳು.

“ಎಲೈ ಸಾರಥೀ, ಕೇಳುವಂಥವನಾಗು! ಸ್ವರ್ಗವನ್ನು ಸೂರೆಗೈದ ಈ ಕೈ, ಮೇರುವನ್ನು ಅಲುಗಿಸಿದ ಈ ಕೈ, ಮಗನ ಮೋಟಾರ್ ಸೈಕಲ್ಲಿನ ಚೈನು ಒರೆಸಲು ಹೋಯಿತು! ಇಂಜಿನ್ನು ಆರಿಸದೆ, ಗಾಲಿ ಗರಗರನೆ ತಿರುಗುತ್ತಿರಲು, ಅರಿವೆ ಹಿಡಿದು ಕೈಯಿಕ್ಕಿದಂಥ ಮೂಢನು ಮೂರು ಲೋಕದಲ್ಲಿ ಈ ಕರಾಳನಖನೊಬ್ಬನೇ! ಊರಿಗೆಲ್ಲ ಬುದ್ಧಿ ಹೇಳಿ, ತನ್ನ ಕೈಗೆ ಹೇಳುವುದನ್ನು ಮರೆತಂಥವನು!”

ಮದ್ದಳೆಯವನ ಕೈ ಮೇಲೆಯೇ ಉಳಿಯಿತು. ಶರಣಕುಮಾರ ಬಾಯಿ ತೆರೆದು ನಿಂತ. ಪ್ರಶ್ನೆ ಹಾಕುವುದು ಅವನ ಹುಟ್ಟುಗುಣವಾದ್ದರಿಂದ ಅಷ್ಟರಲ್ಲೇ ಸುಧಾರಿಸಿಕೊಂಡ.

“ಹಂಗಾರ ಪ್ರಭೂ, ತಮ್ಮನ್ನ ಗೆದ್ದಂಥ ಆ ಚೈನು ಈಗ ಎಲ್ಲಿ ಐತ್ರಿ?”

ಗುರುಸಿದ್ದಪ್ಪ ಹೆಬ್ಬೆರಳಿಗೂ ಮುರಿದ ಉಗುರುಗಳಿಗೂ ನಡುವೆ ಮೀಸೆಯನ್ನು ಹಿಡಿದು ನಿಧಾನವಾಗಿ ತಿರುವಿದರು. ಉತ್ತರ ಮಾತ್ರ ಆಟದ ಭಾಷೆಯಿಂದ ಇಳಿದು ಮನೆಯ ಭಾಷೆಗೆ ಬಂತು.

“ಶಂಶಾಬಾದಿನಾಗ ನಮ್ಮ ಮನಿ ಮುಂದ ನಿಂತೈತಿ. ಇವತ್ತ ಮುಂಜಾನಿ ಎಣ್ಣಿ ಹಾಕಿ ಬಂದೀನಿ. ಇಂಜಿನ್ ಬಂದ್ ಮಾಡಿ.”

ಮೊದಲು ನಕ್ಕದ್ದು ಬಂಡೆಮ್ಮ. ಆಮೇಲೆ ಮೂರನೆಯ ಸಾಲು, ಆಮೇಲೆ ಇಡೀ ಸಭಾಂಗಣ. ಆ ನಗುವಿನ ಮೇಲೆಯೇ ಮದ್ದಳೆಯವನು ಎತ್ತಿದ್ದ ಕೈ ಇಳಿಯಿತು, ರಾಕ್ಷಸ ಕುಣಿಯಲು ತೊಡಗಿದ.

ಕರಾಳನಖ ಪ್ರಸಂಗದ ಕ್ರಮದಂತೆಯೇ ಕೊನೆಗೆ ಸತ್ತ. ಸಾಯುವಾಗ ವೇದಿಕೆಯ ಹಲಗೆಯನ್ನು ಎಷ್ಟು ಬಲವಾಗಿ ಕೆದರಿದನೆಂದರೆ ಉಂಗುರಬೆರಳಿನ ಉಗುರಿನ ತುದಿಯೂ ಹಾರಿತು. ಆಟ ಮುಗಿದ ಮೇಲೆ ಲಹರಿ ಉಗುರುಗಳನ್ನು ಬಿಚ್ಚಿ ಪೆಟ್ಟಿಗೆಯಲ್ಲಿ ಜೋಡಿಸುತ್ತಿದ್ದಾಗ, ಹಾರಿದ ತುದಿಯನ್ನು ಹುಡುಕಿ ಅಂಟಿಸಬೇಕೇ ಎಂದು ಪವನ ಕೇಳಿದ. ಅವಳು ಬೇಡವೆಂದಳು. ಮೂರನೆಯ ಸಾಲಿನವರು ಆಗಲೇ ಬಣ್ಣದ ಕೋಣೆಗೆ ನುಗ್ಗಿದ್ದರು. ಗುರುಸಿದ್ದಪ್ಪ ಟವೆಲಿನಿಂದ ಮುಖದ ಬಣ್ಣ ಒರೆಸಿಕೊಳ್ಳುತ್ತ, ಬರಿಗೈಯನ್ನು ಗಾಳಿಯಲ್ಲಿ ತಿರುಗಿಸಿ, ಅರಿವೆ ಚೈನಿಗೆ ಹೇಗೆ ಸಿಕ್ಕಿತೆಂದು ಅವರಿಗೆ ತೋರಿಸುತ್ತಿದ್ದರು.